ಮೊಗ್ಗಿನ ಅಳತೆ

ಯಾನ್‌ಲಿಂಗ್,
18 ನವೆಂಬರ್ 1984

ತಂಗಿ ಫೆಂಗ್‌ಯಿಂಗ್,

ಇಷ್ಟು ವರ್ಷಗಳ ಮೇಲೆ ಅಣ್ಣ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಅತ್ತಿಗೆಗೆ ಮೊಣಕಾಲು ನೋವು. ಬಾಯಿಗೇನೂ ಆಗಿಲ್ಲ.

ವಿಷಯಕ್ಕೆ ಬರುತ್ತೇನೆ. ಜಮೀನನ್ನು ಮತ್ತೆ ಮನೆಮನೆಗೆ ಹಂಚಿದ್ದಾರೆ. ಕಾಲುವೆ ಪಕ್ಕದ ಪಟ್ಟಿ ನಮ್ಮ ಪಾಲಿಗೆ ಬಂದಿದೆ. ಹೂ ಬೆಳೆಯುವವರು ಬೆಳೆಯಬಹುದು ಅಂದಿದ್ದಾರೆ. ಲಾಮೇ ಹೂವಿನ ಬೀಜ ಬಿತ್ತಿದ್ದೆ, ಗಿಡಗಳು ಬೆರಳು ದಪ್ಪ ಆಗಿವೆ. ಆದರೆ ಅವೆಲ್ಲ ನಾಯಿಹಲ್ಲು ಜಾತಿ, ಮೊನಚು ದಳ, ಕೆಂಪು ಒಡಲು. ಬುಡಕ್ಕೆ ಸರಿ, ಮೇಲೆ ತಿಳಿಯೊಡಲು ಜಾತಿಯ ಕಡ್ಡಿ ಕಸಿ ಕಟ್ಟದಿದ್ದರೆ ಯಾರೂ ಮೂಸಿ ನೋಡುವುದಿಲ್ಲ. ಅಪ್ಪನ ತಿಳಿಯೊಡಲು ಗಿಡಗಳನ್ನು ಅರವತ್ತೆಂಟರಲ್ಲಿ ಕಿತ್ತು ಗೋಧಿ ಬಿತ್ತಿದರಲ್ಲ, ಆಮೇಲೆ ಸುತ್ತಮುತ್ತ ಒಂದೂ ಉಳಿದಿಲ್ಲ. ಹೆಸರಿಗೆ ಲಾಮೇ ಊರು, ಇರುವುದೆಲ್ಲ ನಾಯಿಹಲ್ಲು. ಎರಡು ಮೂರು ವರ್ಷದಲ್ಲಿ ಒಳ್ಳೆಯ ಗಿಡ ಮಾಡಿ ತೋರಿಸದಿದ್ದರೆ ಈ ಪಟ್ಟಿಯನ್ನೂ ಗೋಧಿಗೆ ಹಾಕಿಸುತ್ತಾರೆ.

ನಿಮ್ಮ ಬೆಟ್ಟದ ತುಂಬ ಲಾಮೇ ತಾನಾಗಿ ಬೆಳೆದಿದೆ ಎಂದು ಆ ಕಡೆ ಹೋಗಿಬಂದ ಲಾರಿ ಡ್ರೈವರೊಬ್ಬ ಹೇಳಿದ. ವರ್ಷದ ಕೊನೆಯ ತಿಂಗಳಲ್ಲಿ, ಎಲೆ ಉದುರಿ ಬರಿ ಕೊಂಬೆಯ ಮೇಲೆ ಹೂ ಬಂದಾಗ, ಹುಡುಕು. ಹೊರಗಿನ ದಳ ಎಲ್ಲದರಲ್ಲೂ ಹಳದಿಯೇ, ಅದನ್ನು ನೋಡಿ ಮೋಸಹೋಗಬೇಡ. ಹೂ ಬಿಡಿಸಿ ಒಳಗಿನ ಸಣ್ಣ ದಳ ನೋಡು. ಕೆಂಪು ಗೀರಿದ್ದರೆ ಬಿಟ್ಟುಬಿಡು. ತಳದವರೆಗೆ ಜೇನುಮೇಣದ ಬಣ್ಣ ಇದ್ದು, ದಳದ ತುದಿ ದುಂಡಗಿದ್ದರೆ ಅದೇ. ವಾಸನೆಗೆ ಮರುಳಾಗಬೇಡ, ನಾಯಿಹಲ್ಲೂ ಘಮ್ಮೆನ್ನುತ್ತದೆ. ಸಿಕ್ಕರೆ ಕಡ್ಡಿ ಕಡಿದು ಕಳಿಸು.

ನಿನ್ನ ಅಣ್ಣ,
ಶೌಟಿಯಾನ್


ಬಾವ್‌ಕಾಂಗ್ ಬೆಟ್ಟ,
16 ಜನವರಿ 1985

ಅಣ್ಣನಿಗೆ ಫೆಂಗ್‌ಯಿಂಗ್ ಬರೆಯುವುದು.

ತಂಗಿ ಬದುಕಿದ್ದಾಳೋ ಇಲ್ಲವೋ ಎಂದು ಕೇಳದವನು ಹೂವಿನ ಒಡಲು ಕೇಳಿ ಬರೆದಿದ್ದೀಯ. ಇರಲಿ, ಆ ನೆಪದಲ್ಲಾದರೂ ಬರೆದೆಯಲ್ಲ. ಹಸಿವಿನ ವರ್ಷ ಮದುವೆಯಾಗಿ ಈ ಬೆಟ್ಟಕ್ಕೆ ಬಂದವಳಿಗೆ ತವರಿನ ಕಾಗದ ಅಂದರೆ ಹಬ್ಬವೇ.

ಡ್ರೈವರ್ ಹೇಳಿದ್ದು ನಿಜ. ನೀವು ಕುಂಡದಲ್ಲಿಟ್ಟು ಮುದ್ದು ಮಾಡುವುದನ್ನು ಇಲ್ಲಿ ಒಲೆಗೆ ಹಾಕುತ್ತಾರೆ. ನಾನು ಬಂದ ಮೊದಲ ಚಳಿಗಾಲ ಅತ್ತೆ ಲಾಮೇ ಸೌದೆ ಮುರಿದು ಒಲೆಗೆ ತುರುಕಿದ್ದು ನೋಡಿ ಅತ್ತಿದ್ದೆ. ಈಗ ನಾನೇ ಮುರಿಯುತ್ತೇನೆ. ನಿನ್ನ ಕಾಗದ ಓದಿ ಹೇಳಿದರೆ ಯಜಮಾನರು ನಕ್ಕರು. "ನಿಮ್ಮಣ್ಣಂಗೆ ಸೌದೆ ಬೇಕಾದ್ರೆ ಲಾರೀಲಿ ಕಳಿಸೋಣ, ಅಂಚೇಲಿ ಯಾಕೆ?" ಅಂದರು.

ನಾನೂ ಮಗಳು ಹ್ವೀಲಾನಳೂ ಹುಡುಕಿದೆವು. ಅವಳಿಗೆ ಈಗ ಹತ್ತೊಂಬತ್ತು, ಕಾಲು ಚುರುಕು, ಬಾಯಿ ಇನ್ನೂ ಚುರುಕು. ಹಿಮದಲ್ಲಿ ಹೂ ಬಿಡಿಸಿ ಬಿಡಿಸಿ ಬೆರಳು ಮರಗಟ್ಟಿಹೋದವು. ಎಲ್ಲ ಕೆಂಪು. ನಿಮ್ಮಣ್ಣ ತಮಾಷೆ ಮಾಡ್ತಿರಬೇಕು ಅಂತ ಅವಳು ಗೊಣಗಿದಳು. ಕೊನೆಗೆ ಸುಣ್ಣದ ಗೂಡಿನ ಮೇಲಿನ ಬಂಡೆಯ ಸಂದಿಯಲ್ಲಿ ಒಂದು ದೊಡ್ಡ ಪೊದೆ ಸಿಕ್ಕಿತು. ಒಳಗೆಲ್ಲ ತಿಳಿಹಳದಿ, ಒಂದು ಗೀರಿಲ್ಲ. ಹ್ವೀಲಾನ್ ಹತ್ತು ಹೂ ಬಿಡಿಸಿ ನೋಡಿದ ಮೇಲೇ ನಂಬಿದ್ದು. ನಾನು ಅಲ್ಲೇ ಕೂತುಬಿಟ್ಟೆ. ನಮ್ಮ ಹಿತ್ತಿಲೇ ಎದುರು ಬಂದ ಹಾಗಾಯಿತು.

ಹೂವಿನ ಸಮೇತ ಕಡ್ಡಿ ಕಡಿದು, ಒದ್ದೆ ಪಾಚಿಯಲ್ಲಿ ಸುತ್ತಿ ಕಳಿಸಿದ್ದೇನೆ. ಒಂದು ಮಾತು ಕೇಳುತ್ತೇನೆ, ಇಲ್ಲವೆನ್ನಬೇಡ. ಕಸಿ ಕಟ್ಟುವುದನ್ನು ನನಗೂ ಹೇಳಿಕೊಡು. ಕಸಿಯ ದಿನಗಳಲ್ಲಿ ಅಪ್ಪ ನನ್ನನ್ನು ಹಿತ್ತಿಲಿಗೆ ಕಳಿಸಿ ಮಣ್ಣು ಕಲಸಲು ಹಚ್ಚುತ್ತಿದ್ದ. ಹೊರಗೆ ಹೋಗುವವಳಿಗೆ ಮನೆಯ ವಿದ್ಯೆ ಯಾಕೆ ಎನ್ನುತ್ತಿದ್ದ. ಹೊರಗೆ ಬಂದು ಕಾಲು ಶತಮಾನ ಆಯಿತು. ಇಲ್ಲಿ ಬುಡಗಿಡಕ್ಕೆ ಬರವಿಲ್ಲ. ಹ್ವೀಲಾನಳ ಕೈ ಒಳ್ಳೆಯದು, ಅವಳಿಗೊಂದು ಕಸುಬು ಆಗುತ್ತದೆ.

ಫೆಂಗ್‌ಯಿಂಗ್


ಯಾನ್‌ಲಿಂಗ್,
9 ಫೆಬ್ರವರಿ 1985

ತಂಗಿ,

ಪೊಟ್ಟಣ ಬಂತು. ಹೂವೆಲ್ಲ ಉದುರಿತ್ತು, ಪಾಚಿಯೊಳಗೆ ಒಂದು ಉಳಿದಿತ್ತು. ಬಿಡಿಸಿ ನೋಡಿದೆ. ಅಚ್ಚ ತಿಳಿಯೊಡಲು. ಊರಿನ ಹಿರಿಯರಿಗೆ ತೋರಿಸಿದೆ, ಒಬ್ಬರೂ ಎದುರಾಡಲಿಲ್ಲ. ನಿನ್ನ ಕಣ್ಣು ಲಿಯಾಂಗ್ ಮನೆಯ ಕಣ್ಣೇ. ಅದೇ ದಿನ ಕಸಿ ಕಟ್ಟಿದ್ದೇನೆ.

ಹೇಳಿಕೊಡು ಅಂದೆ. ಅದು ಕಾಗದದಲ್ಲಿ ಬರೆದರೆ ಬರುವ ವಿದ್ಯೆಯಲ್ಲ, ಕೈಗೆ ಬರಬೇಕು. ಅಷ್ಟಾದರೂ ಬರೆಯುತ್ತೇನೆ. ಬುಡಗಿಡವನ್ನು ನೆಲದಿಂದ ಒಂದು ಗೇಣು ಬಿಟ್ಟು ಕಡಿ. ಒಂದು ಬದಿ ಸೀಳು. ಕಡ್ಡಿಯ ತುದಿಯನ್ನು ಓರೆಯಾಗಿ ಹೆರೆದು, ತೊಗಟೆಗೆ ತೊಗಟೆ ಕೂಡುವಂತೆ ಕೂರಿಸು. ಸೆಣಬಿನಿಂದ ಬಿಗಿ. ಮಣ್ಣು ಮೆತ್ತು. ಮಣ್ಣಿನ ವಿಷಯ ನಿನಗೇ ಚೆನ್ನಾಗಿ ಗೊತ್ತು.

ಹ್ವೀಲಾನಳಿಗೆ ಗಂಡು ನೋಡುತ್ತಿದ್ದೀರೋ ಇಲ್ಲವೋ? ಕಸುಬು ಆಮೇಲೂ ಆಗುತ್ತದೆ.

ಶೌಟಿಯಾನ್


ಬಾವ್‌ಕಾಂಗ್ ಬೆಟ್ಟ,
4 ಜೂನ್ 1985

ಅಣ್ಣ,

ನೀನು ಬರೆದ ಹಾಗೆಯೇ ಮಾಡಿದೆವು. ಕಾಗದ ಕೈ ಸೇರಿದ ವಾರವೇ ಕಟ್ಟಿದೆವು. ಹ್ವೀಲಾನ್ ಹೆರೆದ ಓರೆ ನೋಡಿದ್ದರೆ ನೀನೇ ಭೇಷ್ ಎನ್ನುತ್ತಿದ್ದೆ. ಒಂದೂ ಹಿಡಿಯಲಿಲ್ಲ. ಮಣ್ಣು ಬಿಡಿಸಿದರೆ ಕಡ್ಡಿಯೆಲ್ಲ ಇದ್ದಿಲು.

ಕಾಗದವನ್ನು ಮತ್ತೆ ಮತ್ತೆ ಓದಿದೆ. ಹೇಗೆ ಎನ್ನುವುದೆಲ್ಲ ಇದೆ. ಯಾವಾಗ ಎನ್ನುವುದಿಲ್ಲ. ಮರೆತೆಯಾ, ಬಿಟ್ಟೆಯಾ? ನಿನ್ನವು ಹೇಗಿವೆ?

ಫೆಂಗ್‌ಯಿಂಗ್


ಯಾನ್‌ಲಿಂಗ್,
22 ಜುಲೈ 1985

ತಂಗಿ,

ನನ್ನವೂ ಹೋದವು. ಹೂಬಿಟ್ಟ ಕಡ್ಡಿ ಕಡಿದರೆ ಇನ್ನೇನಾಗುತ್ತದೆ? ಕಸುವೆಲ್ಲ ಹೂವಿಗೇ ಹೋಗಿರುತ್ತದೆ. ಅದು ನಿನ್ನ ಕಡೆಯ ತಪ್ಪು. ಅಂಚೆಯವರೂ ಪೊಟ್ಟಣವನ್ನು ಎಲ್ಲೋ ಕೆಡವಿಕೊಂಡು ಕೂತಿದ್ದರು. ಇರಲಿ.

ಮುಂದಿನ ವಸಂತಕ್ಕೆ ಹೀಗೆ ಮಾಡೋಣ. ಸರಿಯಾದ ದಿನ ನಾನು ತಂತಿ ಕಳಿಸುತ್ತೇನೆ. ತಂತಿ ಬಂದ ದಿನವೇ ಕಡಿದು ಕಳಿಸು, ಹಿಂದೆಮುಂದೆ ನೋಡಬೇಡ. ದಿನದ ವಿಷಯ ನನಗೆ ಬಿಡು. ಅದು ಮನೆಯ ಒಳಗಿನ ಮಾತು, ಅಪ್ಪನ ಕಾಲದಿಂದ ಹಾಗೇ ಬಂದಿದೆ.

ಶೌಟಿಯಾನ್


ಬಾವ್‌ಕಾಂಗ್ ಬೆಟ್ಟ,
20 ಮಾರ್ಚ್ 1986

ಅಣ್ಣ,

ಹುಳುಗಳು ಎಚ್ಚರಗೊಳ್ಳುವ ದಿನ ಎಂದು ಪಂಚಾಂಗದಲ್ಲಿದೆಯಲ್ಲ, ಅದೇ ದಿನ ನಿನ್ನ ತಂತಿ ಬಂತು. ಇಲ್ಲಿ ಹುಳ ಇರಲಿ, ಹಂದಿಯೂ ಕೊಟ್ಟಿಗೆಯಿಂದ ಎದ್ದಿರಲಿಲ್ಲ. ಬಂಡೆಯ ಮೇಲೆ ಹಿಮ ಇತ್ತು. ಚಿಗುರುಮೊಗ್ಗುಗಳು ಎಳ್ಳಿನಷ್ಟು. ನೀನು ಹೇಳಿದೆ ಎಂದು ಕಡಿದು ಕಳಿಸಿದೆ. ಬಾಯಿ ಬಿಡಲಿಲ್ಲ.

ಹ್ವೀಲಾನ್ ಬಿಟ್ಟಳು. "ಅಮ್ಮ, ಮಾವ ಗಿಡ ನೋಡಿ ತಂತಿ ಕೊಟ್ರಾ, ಪಂಚಾಂಗ ನೋಡಿ ಕೊಟ್ರಾ?" ಅಂದಳು. ದೊಡ್ಡವರ ಬಗ್ಗೆ ಹಾಗೆ ಮಾತಾಡಬಾರದು ಎಂದು ಗದರಿದೆ.

ಇನ್ನೊಂದು ವಿಷಯ. ಬೆಟ್ಟವನ್ನೂ ಮನೆಮನೆಗೆ ಹಂಚಿದರು. ಸುಣ್ಣದ ಗೂಡಿನ ಮೇಲಿನ ಇಳಿಜಾರು ಶಿಯಾಂಗ್ ಮುದುಕನ ಪಾಲಾಯಿತು. ಗೂಡೂ ಅವನದೇ. ಬರುವ ಚಳಿಗೆ ಇಳಿಜಾರನ್ನೆಲ್ಲ ಬೋಳಿಸಿ ಗೂಡಿಗೆ ಹಾಕುತ್ತಾನಂತೆ. ಆ ಒಂದು ಪೊದೆ ಬಿಡಿ ಎಂದು ಕೇಳಿದೆ. "ಅದೇ ಎಲ್ಲಕ್ಕಿಂತ ದಪ್ಪ ಬುಡ ಕಣಮ್ಮ, ಅದನ್ನೇ ಬಿಡು ಅಂತೀಯಲ್ಲ" ಅಂದ. ಬೇರೆ ಕಡೆ ಇನ್ನೊಂದು ತಿಳಿಯೊಡಲು ಸಿಗಬಹುದೆಂದು ಈ ಚಳಿಯಲ್ಲೂ ಅಲೆದೆವು. ಸಿಗಲಿಲ್ಲ.

ಫೆಂಗ್‌ಯಿಂಗ್


ಯಾನ್‌ಲಿಂಗ್,
28 ಮೇ 1986

ತಂಗಿ,

ಈ ಸಲವೂ ಹೋಯಿತು. ಪೊಟ್ಟಣ ಕಟ್ಟುವ ಮೊದಲು ಕಡ್ಡಿಗಳನ್ನು ಒಲೆಯ ಹತ್ತಿರ ಇಟ್ಟಿದ್ದೆಯಾ?

ಆ ಮುದುಕನ ಕೈಕಾಲು ಹಿಡಿದಾದರೂ ಪೊದೆ ಉಳಿಸು. ಬುಡಸಮೇತ ಅಗೆದು ನಿನ್ನ ಹಿತ್ತಿಲಿಗೆ ತಂದುಕೋ. ಬರುವ ವಸಂತದವರೆಗೆ ಉಳಿಯಲೇಬೇಕು. ಈ ಪಟ್ಟಿಯಲ್ಲಿ ಏನು ಮಾಡುತ್ತಿದ್ದೀಯ ಎಂದು ಇಲ್ಲಿ ಎರಡು ಸಲ ಕೇಳಿ ಹೋಗಿದ್ದಾರೆ. ಮೂರನೆಯ ಸಲ ಕೇಳಲು ಬರುವುದಿಲ್ಲ, ನೇಗಿಲು ತರುತ್ತಾರೆ.

ನೀನು ನನ್ನ ಮೇಲೆ ಸಿಟ್ಟಾಗಿದ್ದೀಯ ಎಂದು ಅತ್ತಿಗೆ ಹೇಳುತ್ತಾಳೆ. ಸಿಟ್ಟಾಗಬೇಡ. ಕೆಲವು ಮಾತು ಮನೆಯ ಹೊಸ್ತಿಲು ದಾಟಬಾರದು ಎಂದು ಹಿರಿಯರ ಮುಂದೆ ಆಣೆ ಇದೆ.

ಶೌಟಿಯಾನ್


ಬಾವ್‌ಕಾಂಗ್ ಬೆಟ್ಟ,
11 ನವೆಂಬರ್ 1986

ಅಣ್ಣ,

ಉತ್ತರ ಬರೆಯುವುದು ತಡವಾಯಿತು. ಮನಸ್ಸಿರಲಿಲ್ಲ, ಅದಕ್ಕೇ ಬರೆಯಲಿಲ್ಲ.

ಕಡ್ಡಿಗಳನ್ನು ಒಲೆಯ ಹತ್ತಿರ ಇಟ್ಟಿರಲಿಲ್ಲ. ಪೊದೆ ಅಗೆಯಲು ಯಜಮಾನರು ಎರಡು ದಿನ ಹಾರೆ ಹಾಕಿದರು. ಬೇರು ಬಂಡೆಯ ಸಂದಿಗೆ ಇಳಿದಿದೆ, ಬಂಡೆಯೇ ಬರಬೇಕು. ಮುದುಕನ ಹೆಂಡತಿಯ ಹತ್ತಿರ ಹೋಗಿ ಕೂತೆ. ಹೊಗೆಯಲ್ಲಿಟ್ಟ ಹಂದಿತೊಡೆ ಒಂದು ಕೊಟ್ಟೆ. ಇಳಿಜಾರನ್ನೆಲ್ಲ ಕಡಿದು, ಆ ಒಂದನ್ನು ವಸಂತದವರೆಗೆ ಬಿಡಲು ಒಪ್ಪಿದ್ದಾನೆ. ಆಮೇಲೆ ಒಂದು ದಿನವೂ ಇಲ್ಲ ಅಂದಿದ್ದಾನೆ. ಈ ಒಂದು ವಸಂತ ತಪ್ಪಿದರೆ ಕಥೆ ಮುಗಿಯಿತು. ಹತ್ತಾರು ದಿನದ ಅಂಚೆಯಲ್ಲಿ ಕಡ್ಡಿ ಬದುಕುವುದಿಲ್ಲ ಎಂದು ಎರಡು ಸಲ ನೋಡಿದೆವು. ಕಸಿ ಇಲ್ಲೇ ಕಟ್ಟಬೇಕು, ನಾನು ಕಟ್ಟಬೇಕು. ಹಾಗಾಗಿ ನೀನು ಹೇಳಲೇಬೇಕು.

ಒಂದು ನೆನಪು ಬಂದಿದೆ. ಚಳಿ ಇಳಿಯುವ ಹೊತ್ತಿನಲ್ಲಿ ಅಪ್ಪ ಬೆಳಿಗ್ಗೆ ಮುಖ ತೊಳೆಯುವ ಮುಂಚೆ ಗಿಡಗಳ ಹತ್ತಿರ ಹೋಗುತ್ತಿದ್ದ. ಮುಷ್ಟಿಯಲ್ಲಿ ಏನೋ ಹಿಡಿದಿರುತ್ತಿದ್ದ. ಕೊಂಬೆಯ ಹತ್ತಿರ ಮುಷ್ಟಿ ಬಿಡಿಸಿ, ಬಗ್ಗಿ ನೋಡಿ, ಮತ್ತೆ ಮುಚ್ಚಿ ಬರುತ್ತಿದ್ದ. ಒಂದು ಬೆಳಿಗ್ಗೆ ನೋಡಿ ಬಂದವನೇ ಊಟವನ್ನೂ ಮಾಡದೆ ಚಾಕು ಮಸೆಯಲು ಕೂರುತ್ತಿದ್ದ. ನನ್ನನ್ನು ಮಣ್ಣಿಗೆ ಅಟ್ಟುತ್ತಿದ್ದುದು ಅದೇ ದಿನ. ಮುಷ್ಟಿಯಲ್ಲಿ ಏನಿತ್ತು ಎಂದು ಆಗ ಯೋಚಿಸಿರಲಿಲ್ಲ. ಆದರೆ ಅಮ್ಮ ಗೊಣಗುತ್ತಿದ್ದಳು, ಬೀಜದ ಗೋಧಿಯ ಗಡಿಗೆಗೆ ಗಂಡಸು ಯಾಕೆ ಕೈ ಹಾಕಬೇಕು ಎಂದು.

ಗೋಧಿಯೇ ತಾನೆ? ಚಿಗುರುಮೊಗ್ಗು ಗೋಧಿ ಕಾಳಿನಷ್ಟಾದ ದಿನ ಕಟ್ಟಬೇಕು, ಹೌದೋ ಅಲ್ಲವೋ? ನೀನು ಆಣೆ ಮುರಿಯಬೇಡ, ಏನನ್ನೂ ವಿವರಿಸಬೇಡ. ಹೌದು ಅಥವಾ ಅಲ್ಲ, ಅಷ್ಟು ಬರೆ. ಅಪ್ಪ ಎಲ್ಲವನ್ನೂ ನಿನಗೆ ಕೊಟ್ಟ, ನನಗೆ ಮಣ್ಣು ಕೊಟ್ಟ ಎಂದು ಇಷ್ಟು ವರ್ಷ ಉರಿದುಕೊಂಡಿದ್ದೇನೆ. ಒಂದು ಶಬ್ದವನ್ನಾದರೂ ಕೊಡು.

ಫೆಂಗ್‌ಯಿಂಗ್


ಯಾನ್‌ಲಿಂಗ್,
19 ಡಿಸೆಂಬರ್ 1986

ಫೆಂಗ್‌ಯಿಂಗ್,

ಹೌದೋ ಅಲ್ಲವೋ ನನಗೆ ಗೊತ್ತಿಲ್ಲ.

ಇದನ್ನು ಬರೆಯುವುದಕ್ಕಿಂತ ಆ ಪಟ್ಟಿ ಗೋಧಿಗೆ ಹೋದರೆ ವಾಸಿ ಅನ್ನಿಸಿತ್ತು. ಅತ್ತಿಗೆ ಬಿಡಲಿಲ್ಲ. "ಬರೀತೀರೋ, ನಾನೇ ಹೋಗಿ ಹೇಳಲೋ? ಈ ಮೊಣಕಾಲಲ್ಲೇ ಹೋಗ್ತೀನಿ" ಅಂದಳು.

ಅಪ್ಪ ನನಗೆ ಚಾಕು ಹಿಡಿಯಲು ಕಲಿಸಿದ, ಬಿಗಿಯಲು ಕಲಿಸಿದ. ದಿನ ಗೊತ್ತುಮಾಡುವುದನ್ನು ಕಲಿಸಲಿಲ್ಲ. ಕೇಳಿದಾಗೆಲ್ಲ ನೀನಿನ್ನೂ ಹುಡುಗ, ಆಮೇಲೆ ಹೇಳುತ್ತೇನೆ ಎನ್ನುತ್ತಿದ್ದ. ನಾನು ಬೆಳಿಗ್ಗೆ ಎದ್ದು ಬರುವಷ್ಟರಲ್ಲಿ ಚಾಕು ಮಸೆದಾಗಿರುತ್ತಿತ್ತು. ಮುಷ್ಟಿ ಗಿಷ್ಟಿ ನಾನು ನೋಡಿದವನೇ ಅಲ್ಲ. ಆಮೇಲೆ ತೋಟ ಕಿತ್ತರು. ಇಲ್ಲದ ಗಿಡದ ವಿದ್ಯೆ ಯಾಕೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹುಳುಗಳು ಎಚ್ಚರಗೊಳ್ಳುವ ದಿನದ ಆಸುಪಾಸಿನಲ್ಲಿ ಕಟ್ಟುತ್ತಿದ್ದೆವು ಎಂದು ಮಂಕಾಗಿ ನೆನಪಿತ್ತು, ಅದನ್ನೇ ತಂತಿ ಮಾಡಿದೆ. ನಿನ್ನ ಮಗಳು ಸರಿಯಾಗಿಯೇ ಹೇಳಿದ್ದಾಳೆ. ಆಣೆ ಗೀಣೆ ಏನೂ ಇಲ್ಲ. ಲಿಯಾಂಗ್ ಮನೆಯ ಹಿರಿಮಗನಿಗೆ ಕಸಿಯ ದಿನ ಗೊತ್ತಿಲ್ಲ ಎಂದು ತಂಗಿಗೆ ಹೇಗೆ ಬರೆಯಲಿ? ನಾಚಿಕೆಯಾಯಿತು.

ಇನ್ನೊಂದು ವಿಷಯ, ಅತ್ತಿಗೆ ನೆನಪು ಮಾಡಿದ್ದು. ಎಪ್ಪತ್ತಮೂರರಲ್ಲಿ ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ನಿನ್ನ ಊರು ದೂರ, ದಾರಿಯೂ ಕೆಟ್ಟದ್ದು ಎಂದು ಮಣ್ಣು ಮಾಡಿದ ಮೇಲೆ ನಿನಗೆ ತಿಳಿಸಿದೆವು. ಆ ಕೊನೆಯ ದಿನಗಳಲ್ಲಿ ನನ್ನನ್ನು ಕಂಡಾಗೆಲ್ಲ ಹೆಬ್ಬೆರಳು ತೋರುಬೆರಳು ಕೂಡಿಸಿ, ನಡುವೆ ಚೂರು ಸಂದಿ ಬಿಟ್ಟು, ಕೈ ಎತ್ತಿ ತೋರಿಸುತ್ತಿದ್ದ. ಗಂಜಿಗೆ ಉಪ್ಪು ಸಾಲದು ಅನ್ನುತ್ತಿದ್ದಾನೆ ಅಂದುಕೊಂಡೆವು. ಒಂದು ಚಿಟಿಕೆ ಹಾಕಿದೆವು. ಮತ್ತೆ ತೋರಿಸಿದ, ಮತ್ತೆ ಹಾಕಿದೆವು. ಕೊನೆಗೆ ಗಂಜಿಯನ್ನೇ ಬಿಟ್ಟ. ನಿನ್ನ ಕಾಗದ ಓದಿದ ಮೇಲೆ ಅತ್ತಿಗೆ ತನ್ನ ಬೆರಳನ್ನು ಹಾಗೇ ಹಿಡಿದು ತೋರಿಸಿದಳು. ಅದು ಉಪ್ಪೋ ಗೋಧಿಯೋ, ನನಗೆ ಈಗಲೂ ಗೊತ್ತಿಲ್ಲ.

ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು.

ಶೌಟಿಯಾನ್


ಬಾವ್‌ಕಾಂಗ್ ಬೆಟ್ಟ,
20 ಜನವರಿ 1987

ಅಣ್ಣ,

ನಿನ್ನ ಕಾಗದ ಬಂತು. ಪೊದೆ ಇನ್ನೂ ನಿಂತಿದೆ, ಹೂ ಬಿಟ್ಟಿದೆ. ತಂತಿ ಕಳಿಸಬೇಡ.

ಫೆಂಗ್‌ಯಿಂಗ್


ಬಾವ್‌ಕಾಂಗ್ ಬೆಟ್ಟ,
15 ಜೂನ್ 1987

ಅಣ್ಣ,

ಗೋಧಿಯೇ.

ಹೂ ಬಾಡಿದ ಮೇಲೆ ದಿನಾ ಬೆಳಿಗ್ಗೆ ಒಂದು ಕಾಳು ಗೋಧಿ ಹಿಡಿದು ಬಂಡೆ ಹತ್ತಿದೆವು. ನೀನು ತಂತಿ ಕೊಟ್ಟಿದ್ದ ದಿನ ಈ ವರ್ಷವೂ ಮೊಗ್ಗು ಎಳ್ಳಿನಷ್ಟೇ ಇತ್ತು. ಆಮೇಲೆ ಬಿಸಿಲು ಬಂತು, ಮತ್ತೆ ಹಿಮ ಬಿತ್ತು. ಮೊಗ್ಗು ಮುಂದಕ್ಕೂ ಹೋಗದು, ಹಿಂದಕ್ಕೂ ಹೋಗದು. ಶಿಯಾಂಗ್ ಮುದುಕ ಕೊಡಲಿ ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದ, ಇನ್ನೆಷ್ಟು ದಿನ ನಿಮ್ಮ ಪೂಜೆ ಎಂದು ಕೇಳಿ ಹೋಗುತ್ತಿದ್ದ. ನನ್ನ ನೆನಪು ಸುಳ್ಳಾಗಿದ್ದರೆ ಅಂತ ಎಷ್ಟು ಹೆದರಿದ್ದೆ ಗೊತ್ತಾ? ಮೂವತ್ತು ವರ್ಷದ ಹಿಂದೆ ಹುಡುಗಿಯೊಬ್ಬಳು ದೂರದಿಂದ ಕಂಡದ್ದನ್ನು ನಂಬಿ ಅಷ್ಟೂ ದಿನ ಕೈಕಟ್ಟಿ ಕೂತಿದ್ದೆ.

ಒಂದು ಬೆಳಿಗ್ಗೆ ಹ್ವೀಲಾನ್ ಕಾಳನ್ನು ಮೊಗ್ಗಿನ ಪಕ್ಕ ಹಿಡಿದಳು. ಉದ್ದ ಸಮ, ದಪ್ಪ ಸಮ. "ಅಮ್ಮ, ಇವತ್ತು" ಅಂದಳು. ಕಡ್ಡಿ ಕಡಿದು ಹಿತ್ತಿಲಿಗೆ ಓಡಿಬಂದೆವು. ಬುಡಗಿಡಗಳನ್ನು ಮೊದಲೇ ತಂದು ನೆಟ್ಟಿದ್ದೆವು. ಚಾಕು ಅವಳದು, ಬಿಗಿಯುವುದು ನನ್ನದು. ಯಜಮಾನರು ಮಣ್ಣು ಕಲಸಿದರು, ನೀರು ಜಾಸ್ತಿ ಮಾಡಿ ಬೈಸಿಕೊಂಡರು. ಮಧ್ಯಾಹ್ನ ಮುದುಕ ಪೊದೆ ಕಡಿದ. ಬುಡವೂ ಗೂಡಿಗೆ ಹೋಯಿತು. ಕೊಟ್ಟ ಮಾತಿಗಿಂತ ಹೆಚ್ಚೇ ಕಾದಿದ್ದ, ಬಯ್ಯುವಂತಿಲ್ಲ.

ಒಂದಷ್ಟು ಕಪ್ಪಾದವು. ಉಳಿದವು ಚಿಗುರಿ ಎಲೆ ಬಿಟ್ಟಿವೆ. ಎಲೆಯ ಮೇಲೆ ಬೆರಳಾಡಿಸಿದರೆ ಮರಳುಕಾಗದದ ಹಾಗೆ ಗರಗರ ಅನ್ನುತ್ತದೆ, ನಮ್ಮ ಹಿತ್ತಿಲಿನದರ ಹಾಗೇ. ಚಳಿಗೆ ಎಲೆ ಉದುರಿದ ಮೇಲೆ ನಾನೂ ಹ್ವೀಲಾನಳೂ ಬಸ್ಸಿನಲ್ಲಿ ಅರ್ಧದಷ್ಟು ಗಿಡಗಳನ್ನು ತರುತ್ತೇವೆ. ಅರ್ಧ ಇಲ್ಲೇ ಇರುತ್ತವೆ, ಅವು ಅವಳವು. ಪಟ್ಟಿಯನ್ನು ಯಾರಾದರೂ ಕೇಳಲು ಬಂದರೆ ಈ ಕಾಗದ ತೋರಿಸು. ಕಸಿ ಕಟ್ಟುವ ಹೊತ್ತಿಗೆ ಅವಳನ್ನು ಮತ್ತೆ ಕಳಿಸುತ್ತೇನೆ. ಅಂದು ಮನೆಯ ಹೆಂಗಸರನ್ನೆಲ್ಲ ಎದುರಿಗೆ ಕೂರಿಸು, ಅವಳು ಎಲ್ಲರಿಗೂ ಹೇಳಿಕೊಡುತ್ತಾಳೆ. ನೀನೂ ಕೂತು ನೋಡು.

ನಿನ್ನ ಮೇಲೆ ಎರಡು ವರ್ಷ ಹಲ್ಲು ಕಡಿದೆ. ಬಚ್ಚಿಡುತ್ತಿದ್ದಾನೆ ಅಂದುಕೊಂಡಿದ್ದೆ, ನಿನ್ನ ಹತ್ತಿರ ಬಚ್ಚಿಡಲು ಏನೂ ಇರಲಿಲ್ಲ. ಅದಕ್ಕೆ ನನಗೆ ಈಗ ಸಿಟ್ಟಿಲ್ಲ. ಆದರೆ ಒಂದು ಹೇಳದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಮಾತು ನಿಂತ ಮೇಲೆ ಅಪ್ಪ ನಿನಗೆ ಹೇಳಲು ನೋಡಿದ್ದ. ದಿನಾ ಹೇಳಿದ. ನೀವು ಉಪ್ಪು ಹಾಕಿದಿರಿ. ಆ ಮುಷ್ಟಿ ನೋಡಿದವಳು ಮನೆಯಲ್ಲಿ ನಾನೊಬ್ಬಳೇ. ದಾರಿ ಎಷ್ಟೇ ಕೆಟ್ಟಿರಲಿ, ನಡೆದಾದರೂ ಬರುತ್ತಿದ್ದೆ. ಅವನ ಮುಂದೆ ಕೂತು, ಗೋಧಿ ತಾನೆ ಅಪ್ಪ, ಗೊತ್ತಾಯಿತು ಎನ್ನುತ್ತಿದ್ದೆ. ಅವನು ನೆಮ್ಮದಿಯಾಗಿ ಗಂಜಿ ಕುಡಿಯುತ್ತಿದ್ದ. ನನ್ನನ್ನು ಕರೆಸಬೇಕಿತ್ತು, ಅಣ್ಣ.

ಫೆಂಗ್‌ಯಿಂಗ್